ಎರಡು ನಾಯಿ, ಒಂದೇ ಕಪ್ಲರ್: ದಯವಿಟ್ಟು ಬೇಡ

ಗೇಟು ದಾಟಿದ ಕೂಡಲೇ ಚಿಕ್ಕದು ದೊಡ್ಡದರ ಕತ್ತಿಗೆ ಬಾಯಿ ಹಾಕುತ್ತದೆ, ಕಪ್ಲರ್ (ಎರಡು ನಾಯಿಯನ್ನು ಒಂದೇ ಲೀಶಿಗೆ ಸಿಕ್ಕಿಸುವ ಪಟ್ಟಿ) ಹಾಕಿ ಜೋಡಿಯಾಗಿ ನಡೆಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹೋಗುವುದಿಲ್ಲ. ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಕಲೆ ಇವೆ, ಆ ಅನುಭವದಿಂದಲೇ ಹೇಳುತ್ತಿದ್ದೇನೆ.

ನಮ್ಮ ಮನೆ ಮಂಗಳೂರಿನ ಬಿಜೈ ಕಡೆ. ಬೊಳ್ಳುಗೆ ಆಗ ಆರು ವರ್ಷ, ಕಾಳುಗೆ ಒಂಬತ್ತು ತಿಂಗಳು. ಎರಡೂ ಊರ ನಾಯಿಗಳೇ. ಆಟಿ ತಿಂಗಳ ಮಳೆ ಮೂರು ದಿನ ಬಿಟ್ಟಿರಲಿಲ್ಲ. ನಾಲ್ಕನೇ ಬೆಳಿಗ್ಗೆ ಸ್ವಲ್ಪ ಹೊಳವಾಯಿತು. ಒಂದೇ ಸಲಕ್ಕೆ ಕೆಲಸ ಮುಗಿಯಲಿ ಅಂತ ಎರಡನ್ನೂ ಕಪ್ಲರಿಗೆ ಸಿಕ್ಕಿಸಿ ಹೊರಟೆ.

ತಪ್ಪಾಗಿದ್ದು ಅಲ್ಲೇ. ಕಪ್ಲರ್ ಅಂದರೆ ಒಂದು ಲೀಶಿನ ತುದಿಗೆ ಎರಡು ಗಿಡ್ಡ ಪಟ್ಟಿ. ಆಟ ಅತಿಯಾದಾಗ ದೊಡ್ಡ ನಾಯಿ ಮುಖ ತಿರುಗಿಸುತ್ತದೆ, ಪಕ್ಕಕ್ಕೆ ಸರಿದು ಸುಮ್ನೆ ನೆಲ ಮೂಸುತ್ತದೆ. ‘ಸಾಕು ಮಾರಾಯ’ ಅಂತ ಅರ್ಥ. ಬೊಳ್ಳು ಹಾಗೆ ಸರಿದಾಗಲೆಲ್ಲ ಪಟ್ಟಿ ಕಾಳುವನ್ನೂ ಅದರ ಹಿಂದೆಯೇ ಎಳೆಯಿತು. ಕಾಳುಗೆ ಅದು ಆಟದ ಮುಂದಿನ ಸುತ್ತು! ನಾನು ಬೇರೆ ಹೆದರಿ ಲೀಶನ್ನು ಬಿಗಿಯಾಗಿ ಮೇಲಕ್ಕೆ ಎಳೆದೆ. ಎಳೆದರೆ ನಾಯಿಯ ತಲೆ ಎತ್ತರಕ್ಕೆ ಹೋಗುತ್ತದೆ, ಎದೆ ಮುಂದಕ್ಕೆ ಬರುತ್ತದೆ, ಮೈ ಸೆಟೆಯುತ್ತದೆ. ಎದುರಿನ ನಾಯಿಗೆ ಅದು ‘ಬಾ ನೋಡುವ’ ಅಂದ ಹಾಗೆ ಕಾಣುತ್ತದೆ. ಅಂದರೆ ‘ಸಾಕು’ ಅನ್ನುವ ದಾರಿಯನ್ನು ಮುಚ್ಚಿದ್ದೂ ನಾನೇ, ಜಗಳಕ್ಕೆ ಕರೆ ಕೊಡಿಸಿದ್ದೂ ನಾನೇ.

ಅಷ್ಟರಲ್ಲಿ ಮೀನಿನ ಸ್ಕೂಟರ್ ಹಾರನ್ ಹೊಡೆಯಿತು. ಎರಡೂ ಹಾರಿದವು. ಪಟ್ಟಿ ಬೊಳ್ಳುವಿನ ಮುಂಗಾಲಿಗೆ ಸುತ್ತಿಕೊಂಡಿತು, ನೋವಿಗೆ ಅದು ತಿರುಗಿ ಕಚ್ಚಿತು. ಬಿಡಿಸುವುದಕ್ಕೆ ನಾನು ನಡುವೆ ಕೈ ಹಾಕಿದೆ. ಯಾರ ಹಲ್ಲು ಅಂತ ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಪಕ್ಕದ ಮನೆಯವರು ಪಾಗಾರದ ಮೇಲಿಂದ ಒಂದು ಬಕೆಟ್ ನೀರು ಸುರಿದು ಬಿಡಿಸಿದರು. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ಓಡಿದೆ. ನಾಯಿಗಳಿಗೆ ರೇಬೀಸ್ ಲಸಿಕೆ ಆಗಿತ್ತು. ಆದರೂ ನನ್ನ ಇಂಜೆಕ್ಷನ್ ಒಂದನ್ನೂ ತಪ್ಪಿಸಲಿಲ್ಲ.

ಈಗ ನಿಮ್ಮ ವಿಷಯ. ಎರಡನ್ನೂ ಒಟ್ಟಿಗೇ ಕರೆದುಕೊಂಡು ಹೋಗಬೇಕು ಅಂತ ಯಾರು ಹೇಳಿದ್ದು? ಒಂದೊಂದನ್ನೇ 20 ನಿಮಿಷ ಕರೆದುಕೊಂಡು ಹೋಗಿ. ಬೇಕಾದಷ್ಟು ಮೂಸಲಿಕ್ಕೆ ಬಿಡಿ. ಸಮಯ ಇಲ್ಲ ಅಂತೀರಿ, ನನಗೂ ಇರಲಿಲ್ಲ. ಆಮೇಲೆ ಆಸ್ಪತ್ರೆಗೆ ಅದಕ್ಕಿಂತ ಜಾಸ್ತಿ ಸಮಯ ಹೋಯಿತು. ಪಣಂಬೂರು ಬೀಚಿನಲ್ಲಿ ಓಡಿಸಿ ದಣಿಸಿ ಅನ್ನುವವರೂ ಸಿಗುತ್ತಾರೆ. ಭಾನುವಾರ ಸಂಜೆಯ ಆ ಜನ, ಚುರುಮುರಿ ಗಾಡಿ, ಬೇರೆ ನಾಯಿಗಳ ನಡುವೆ ಓಡಿಸಿದರೆ ಇನ್ನಷ್ಟು ತಲೆ ಕೆಟ್ಟು ಮನೆಗೆ ಬರುತ್ತವೆ.

ಕುಸ್ತಿ ಏನಿದ್ದರೂ ಅಂಗಳದಲ್ಲಿ, ಲೀಶ್ ಇಲ್ಲದೆ. ಕತ್ತಿನ ಬೆಲ್ಟನ್ನೂ ತೆಗೆಯಿರಿ, ಹಲ್ಲು ಸಿಕ್ಕಿಕೊಳ್ಳುತ್ತದೆ. ಆಟವೋ ಜಗಳವೋ ಅಂತ ಸಂಶಯ ಬಂದರೆ ಚಿಕ್ಕದನ್ನು ಒಂದು ಕ್ಷಣ ಹಿಡಿದುಕೊಳ್ಳಿ. ದೊಡ್ಡದು ತಾನೇ ವಾಪಸ್ ಬಂದು ಕೆಣಕಿದರೆ ಆಟ. ಮೆಲ್ಲ ಜಾರಿಕೊಂಡರೆ ಅವತ್ತಿಗೆ ನಿಲ್ಲಿಸಿ. ನಿಜವಾಗಿ ಕಚ್ಚಾಟಕ್ಕೆ ಬಿದ್ದರೆ ಮುಖದ ಹತ್ತಿರ ಕೈ ಬೇಡ. ಮೊದಲು ನೀರು. ಅದಕ್ಕೂ ಬಿಡದಿದ್ದರೆ ಇಬ್ಬರು ಸೇರಿ ಹಿಂಗಾಲು ಹಿಡಿದು ಹಿಂದಕ್ಕೆ ಎಳೆಯಬೇಕು.

ನಾವು ಎರಡು ತಿಂಗಳು ಬೇರೆ ಬೇರೆಯಾಗಿಯೇ ನಡೆಸಿದೆವು. ಆಮೇಲೆ ಕದ್ರಿ ಗುಡ್ಡದ ರಸ್ತೆಯಲ್ಲಿ ಆ ಬದಿಗೆ ನನ್ನ ಹೆಂಡತಿ, ಈ ಬದಿಗೆ ನಾನು, ಆಳಿಗೊಂದು ನಾಯಿ. ದಿನ ಕಳೆದ ಹಾಗೆ ಹತ್ತಿರ ಬಂದೆವು. ಒಂದೊಂದನ್ನೇ ನಡೆಸಲು ಶುರು ಮಾಡಿದ ಮೊದಲ ವಾರ ಮನೆಯಲ್ಲಿ ಉಳಿದದ್ದು ಗೇಟಿನಲ್ಲಿ ನಿಂತು ಕೇರಿಗೆಲ್ಲ ಕೇಳುವ ಹಾಗೆ ಅಳುತ್ತದೆ. ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿಡಿ.