ರಿಯಾಯಿತಿ ಸಾಕು, ಮೊದಲು ಅಳೆಯುವ ಕೋಣೆ ಕಟ್ಟಿ

ಪ್ರಿಯ ಓದುಗರೇ,

ನಿಮ್ಮ ಪತ್ರ ಉದ್ದವಾಗಿತ್ತು, ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನೀವು ಒಂದು ಕೈಗಾರಿಕಾ ಅಭಿವೃದ್ಧಿ ವಲಯದ ಆಡಳಿತ ಸಮಿತಿಯಲ್ಲಿ ಇದ್ದೀರಿ. ವಿಮಾನದ ಬಿಡಿಭಾಗ, ವೈದ್ಯಕೀಯ ಸಾಧನ, ಎಲೆಕ್ಟ್ರಾನಿಕ್ಸ್, ರೊಬೊಟ್ ಇಂಥವನ್ನು ತಯಾರಿಸುವವರಿಗೆಂದೇ ಮೀಸಲಿಟ್ಟ ವಲಯ ಅದು. ರಸ್ತೆ ಆಗಿದೆ, ಚರಂಡಿ ಆಗಿದೆ, ಪ್ಲಾಟ್‌ಗಳಿಗೆ ಕಲ್ಲು ನೆಟ್ಟಾಗಿದೆ, ತೆರಿಗೆ ರಿಯಾಯಿತಿಯೂ ಘೋಷಣೆ ಆಗಿದೆ. ಆದರೆ ಬಂದಿರುವುದು ಬರೀ ಗೋದಾಮುಗಳು. ‘ಪಕ್ಕದ ವಲಯದವರು ಜಾಗವನ್ನೇ ಬಿಟ್ಟಿ ಕೊಡ್ತಾ ಇದ್ದಾರೆ, ನಾವು ಇನ್ನೆಷ್ಟು ಬಿಟ್ಟುಕೊಡಬೇಕು?’ ಎಂದು ಕೇಳಿದ್ದೀರಿ. ಹೇಗಾದರೂ ಮಾಡಿ ಒಂದು ದೊಡ್ಡ ಕಂಪನಿಯನ್ನು ಕರೆತಂದರೆ ಉಳಿದವರು ತಾವಾಗೇ ಬರುತ್ತಾರೆ ಅಲ್ವಾ ಅನ್ನುವುದು ಎರಡನೇ ಪ್ರಶ್ನೆ. ಕೊನೆಯಲ್ಲಿ, ‘ನಮ್ಮ ಸುತ್ತಮುತ್ತ ಇರುವುದು ಸಣ್ಣ ವರ್ಕ್‌ಶಾಪ್‌ಗಳು, ಅವರಿಂದ ಏನೂ ಆಗುವುದಿಲ್ಲ’ ಎಂದೂ ಬರೆದಿದ್ದೀರಿ.

ಮೊದಲ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಇನ್ನೇನೂ ಬಿಟ್ಟುಕೊಡಬೇಡಿ. ಬಿಟ್ಟುಕೊಡಲು ಎತ್ತಿಟ್ಟ ಹಣವನ್ನು ಕೆಲಸ ಕಲಿಸುವ, ಅಳತೆ ನೋಡುವ, ಪರೀಕ್ಷೆ ಮಾಡುವ ಸೌಕರ್ಯಕ್ಕೆ ಹಾಕಿ. ಅದು ಎಲ್ಲರೂ ಬಳಸುವಂತಿರಲಿ.

ಗೋದಾಮುಗಳೇ ಏಕೆ ಬಂದವು ಅಂತ ಒಮ್ಮೆ ಯೋಚಿಸಿ. ಗೋದಾಮು ನಡೆಸುವವರಿಗೆ ಜಾಗವೇ ದೊಡ್ಡ ಖರ್ಚು. ಜಾಗ ಅಗ್ಗ ಮಾಡಿದಿರಿ, ಅವರು ಬಂದರು. ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ವಿಮಾನದ ಬಿಡಿಭಾಗ ಮಾಡುವವರ ಲೆಕ್ಕ ಬೇರೆ. ಅವರ ಹಣ ಯಂತ್ರಗಳಲ್ಲಿ, ಜನರಲ್ಲಿ, ರಿಜೆಕ್ಟ್ ಆಗುವ ಮಾಲಿನಲ್ಲಿ ಹೋಗುತ್ತದೆ. ಅವರ ಖರ್ಚಿನ ಪಟ್ಟಿಯಲ್ಲಿ ಜಾಗ ಎಲ್ಲೋ ಕೆಳಗೆ ಇರುತ್ತದೆ. ತೆರಿಗೆ ರಿಯಾಯಿತಿಯ ವಿಷಯವೂ ಅಷ್ಟೇ. ಲಾಭ ಬಂದರೆ ತಾನೇ ತೆರಿಗೆ? ಇಂಥ ಫ್ಯಾಕ್ಟರಿ ಶುರುವಾದ ಮೇಲೆ ಮೊದಲ ಮಾದರಿಗಳನ್ನು ಮಾಡಿ ತೋರಿಸಬೇಕು, ಗ್ರಾಹಕರ ಆಡಿಟ್ ಆಗಬೇಕು, ಪ್ರತಿಯೊಂದು ಪ್ರಕ್ರಿಯೆಗೂ ಒಪ್ಪಿಗೆ ಸಿಗಬೇಕು. ಅದಕ್ಕೇ ವರ್ಷಗಳು ಹಿಡಿಯುತ್ತವೆ. ನೀವು ಕೊಟ್ಟ ತೆರಿಗೆ ರಜೆಯ ಬಹುಪಾಲು ಲಾಭವೇ ಇಲ್ಲದ ಆ ಕಾಲದಲ್ಲಿ ಸುಮ್ನೆ ಕಳೆದುಹೋಗುತ್ತದೆ.

ಹಾಗಾದರೆ ಅವರಿಗೆ ಏನು ಬೇಕು? ಒಂದು ಸಣ್ಣ ವಿಷಯವನ್ನು ಹತ್ತಿರದಿಂದ ನೋಡೋಣ. ಒಂದು ಮೀಟರ್ ಉದ್ದದ ಉಕ್ಕಿನ ತುಂಡು ತೆಗೆದುಕೊಳ್ಳಿ. ಶಾಖ ಒಂದೇ ಒಂದು ಡಿಗ್ರಿ ಹೆಚ್ಚಾದರೆ ಅದು ಸುಮಾರು 11ರಿಂದ 12 ಮೈಕ್ರಾನ್ ಉದ್ದವಾಗುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅಲ್ಯೂಮಿನಿಯಂ ಆದರೆ ಅದರ ಎರಡರಷ್ಟು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಹಾಗಾಗಿ 12 ಅಂದರೆ ಏನೂ ಅಲ್ಲ ಅನಿಸಬಹುದು. ಆದರೆ ವಿಮಾನದ ಎಂಜಿನ್‌ನ ಎಷ್ಟೋ ಭಾಗಗಳಲ್ಲಿ 10 ಮೈಕ್ರಾನ್ ಆಚೀಚೆ ಆದರೂ ಮಾಲು ರಿಜೆಕ್ಟ್. ಅದಕ್ಕೇ ಉದ್ದದ ಅಳತೆಯನ್ನೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಿಡಿಯಬೇಕು ಎಂದು ಜಗತ್ತು 1931ರಲ್ಲೇ ಒಪ್ಪಿಕೊಂಡಿದೆ. ಬೆಳಿಗ್ಗೆ ಯಂತ್ರದಲ್ಲಿ ಸರಿಯಾಗಿದ್ದ ಭಾಗ ಮಧ್ಯಾಹ್ನದ ಬಿಸಿಯಲ್ಲಿ ಅಳೆದರೆ ತಪ್ಪು ತೋರಿಸುತ್ತದೆ. ನಿಜವಾಗಿ ತಪ್ಪಾದ ಭಾಗ ಸರಿ ಅಂತಲೂ ತೋರಿಸಬಹುದು. ಅದು ಇನ್ನೂ ಅಪಾಯ.

ಅಂದರೆ ಒಂದು ಭಾಗ ಸರಿಯಾಗಿದೆ ಎಂದು ಹೇಳಲು ಶಾಖವನ್ನು ಹಿಡಿದಿಟ್ಟ ಕೋಣೆ ಬೇಕು. ಅದರೊಳಗೆ ಕೋಆರ್ಡಿನೇಟ್ ಮೆಷರಿಂಗ್ ಮೆಷಿನ್, ಅಂದರೆ ಭಾಗದ ಆಕಾರವನ್ನು ಬಿಂದು ಬಿಂದುವಾಗಿ ಅಳೆಯುವ ಯಂತ್ರ ಬೇಕು. ಆ ಮೆಷಿನ್‌ಗೆ ಕಾಲಕಾಲಕ್ಕೆ ಕ್ಯಾಲಿಬ್ರೇಶನ್ (ಅದರ ಅಳತೆ ಸರಿ ಇದೆಯೇ ಎಂಬ ತಪಾಸಣೆ) ಆಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬಂದ ರೀಡಿಂಗ್ ನೋಡಿ ‘ಇದು ಟೂಲ್ ಸವೆದಿದ್ದಕ್ಕೆ ಬಂದಿದ್ದು, ಇದು ತುಂಡನ್ನು ಹಿಡಿದಿಡುವ ಫಿಕ್ಸ್ಚರ್ ಸಡಿಲವಾಗಿದ್ದಕ್ಕೆ ಬಂದಿದ್ದು’ ಎಂದು ಹೇಳಬಲ್ಲ ಮನುಷ್ಯ ಬೇಕು. ಅಂಥ ಮನುಷ್ಯ ಒಂದು ವಾರದ ಕೋರ್ಸಿನಲ್ಲಿ ತಯಾರಾಗುವುದಿಲ್ಲ. ಕಂಪನಿಯವರು ಜಾಗ ನೋಡಲು ಬಂದಾಗ ಅವರ ಪ್ಲಾಂಟ್ ಹೆಡ್ ಕಣ್ಣಲ್ಲೇ ಹುಡುಕುವುದು ಇದನ್ನೇ. ನೀವು ಅವರಿಗೆ ಮುಖ್ಯದ್ವಾರ ತೋರಿಸುತ್ತಿದ್ದೀರಿ.

ಕರೆಂಟಿನ ಮಾತೂ ಹೇಳಬೇಕು. ‘ನಮ್ಮಲ್ಲಿ 24 ಗಂಟೆ ವಿದ್ಯುತ್’ ಎಂದು ಕರಪತ್ರದಲ್ಲಿ ಹಾಕಿದ್ದೀರಿ. ಒಳ್ಳೆಯದು. ಆದರೆ ಇಂಥ ಕಾರ್ಖಾನೆಗೆ ತೊಂದರೆ ಕೊಡುವುದು ಕರೆಂಟ್ ಪೂರ್ತಿ ಹೋಗುವುದು ಮಾತ್ರ ಅಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗ ವೋಲ್ಟೇಜ್ ಕುಸಿದರೂ ಸಾಕು, ಯಂತ್ರದ ಮೋಟಾರು ನಡೆಸುವ ಡ್ರೈವ್ ಟ್ರಿಪ್ ಆಗಬಹುದು, ಟೂಲ್ ಲೋಹದೊಳಗೇ ನಿಲ್ಲಬಹುದು. ದಿನಗಟ್ಟಲೆ ಕೆತ್ತಿದ ಟೈಟಾನಿಯಂ ತುಂಡು ಗುಜರಿಗೆ ಹೋಗಬಹುದು. ಮನೆಯಲ್ಲಿ ಅದೇ ಹೊತ್ತಿಗೆ ಬಲ್ಬು ಒಮ್ಮೆ ಮಿನುಗಿರುತ್ತದೆ, ಅಷ್ಟೇ. ಚಿಪ್ ಫ್ಯಾಕ್ಟರಿಗಳಲ್ಲಂತೂ ಹೊಡೆತ ಇನ್ನೂ ದೊಡ್ಡದು. 2021ರ ಫೆಬ್ರವರಿಯ ಚಳಿಗಾಳಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ವಿದ್ಯುತ್ ಜಾಲ ಕುಸಿದಾಗ ಆಸ್ಟಿನ್‌ನಲ್ಲಿರುವ ಸ್ಯಾಮ್‌ಸಂಗ್ ಘಟಕ ನಿಂತುಹೋಯಿತು. ಕರೆಂಟ್ ವಾಪಸ್ ಬಂದ ಮೇಲೂ ಉತ್ಪಾದನೆ ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಬೇಕಾದವು. ನೀರಿನ ವಿಷಯವೂ ಹೀಗೇ: ಅದೇ ವರ್ಷ ತೈವಾನಿನಲ್ಲಿ ಬರ ಬಂದು, ಅಲ್ಲಿನ ಚಿಪ್ ಕಂಪನಿ ಟಿಎಸ್‌ಎಂಸಿ ಟ್ಯಾಂಕರ್‌ಗಳಲ್ಲಿ ನೀರು ತರಿಸಬೇಕಾಯಿತು. ಆದ್ದರಿಂದ ಕರಪತ್ರದ ಆ ಸಾಲು ತೆಗೆದುಬಿಡಿ. ಅದರ ಬದಲು ಸಬ್‌ಸ್ಟೇಶನ್‌ನಲ್ಲಿ ಮೀಟರ್ ಕೂರಿಸಿ, ಒಂದು ವರ್ಷದಲ್ಲಿ ಎಷ್ಟು ಸಲ ವೋಲ್ಟೇಜ್ ಕುಸಿಯಿತು, ಎಷ್ಟು ಆಳಕ್ಕೆ, ಎಷ್ಟು ಹೊತ್ತು ಎಂಬ ದಾಖಲೆ ಇಡಿ. ಅಂಕಿ ಚೆನ್ನಾಗಿಲ್ಲದಿದ್ದರೂ ಕೊಡಿ. ಎಂಜಿನಿಯರ್‌ಗೆ ಅಂಕಿ ಗೊತ್ತಾದರೆ ಅದಕ್ಕೆ ಬೇಕಾದ ಸಾಧನ ಹಾಕಿಕೊಳ್ಳುತ್ತಾನೆ. ಅಂಕಿಯೇ ಇಲ್ಲದ ಕಡೆ ಅವನು ಯಂತ್ರ ಇಳಿಸುವುದಿಲ್ಲ.

ಈಗ ನಾನು ಹೇಳುತ್ತಿರುವ ದಾರಿಯಲ್ಲಿ ನಡೆದು ತೋರಿಸಿದ ಒಂದು ಊರಿನ ಕಥೆ. ಇಂಗ್ಲೆಂಡಿನ ಶೆಫೀಲ್ಡ್ ಉಕ್ಕಿನ ಊರು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿ ಉಕ್ಕೂ ಕುಸಿಯಿತು, ಕಲ್ಲಿದ್ದಲೂ ಕುಸಿಯಿತು. 1984ರಲ್ಲಿ ಗಣಿ ಕಾರ್ಮಿಕರಿಗೂ ಪೊಲೀಸರಿಗೂ ದೊಡ್ಡ ಘರ್ಷಣೆ ನಡೆದ ಆರ್ಗ್ರೀವ್ ಆ ಊರಿನ ಪಕ್ಕದಲ್ಲೇ ಇದೆ. ಆ ಪ್ರದೇಶದಲ್ಲೇ ಮುಂದೆ ಅಡ್ವಾನ್ಸ್ಡ್ ಮ್ಯಾನುಫ್ಯಾಕ್ಚರಿಂಗ್ ಪಾರ್ಕ್ ಎದ್ದಿತು. ನಿಮ್ಮದರಂತೆಯೇ ಅದೂ ಸುಧಾರಿತ ತಯಾರಿಕೆಗೆಂದೇ ಮಾಡಿದ ವಲಯ. ಆದರೆ ಅಲ್ಲಿ ಮೊದಲು ಬಂದಿದ್ದು ಸಂಶೋಧನಾ ಕೇಂದ್ರ. 2001ರಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯ ಮತ್ತು ಬೋಯಿಂಗ್ ಸೇರಿ ಎಎಂಆರ್‌ಸಿ (ಅಡ್ವಾನ್ಸ್ಡ್ ಮ್ಯಾನುಫ್ಯಾಕ್ಚರಿಂಗ್ ರಿಸರ್ಚ್ ಸೆಂಟರ್) ಎಂಬ ಕೇಂದ್ರ ಶುರು ಮಾಡಿದವು. ಪ್ರೊಫೆಸರ್ ಕೀತ್ ರಿಡ್ಜ್‌ವೇ ಮತ್ತು ಉದ್ಯಮಿ ಏಡ್ರಿಯನ್ ಆಲೆನ್ ಅದರ ಹಿಂದೆ ಇದ್ದವರು. ಗಟ್ಟಿ ಲೋಹಗಳನ್ನು ಬೇಗ, ಕಡಿಮೆ ಖರ್ಚಿನಲ್ಲಿ, ಟೂಲ್ ಹಾಳಾಗದಂತೆ ಕತ್ತರಿಸುವುದು ಹೇಗೆ? ಇಂಥ ನೆಲಮಟ್ಟದ ಪ್ರಶ್ನೆಗಳೇ ಆ ಕೇಂದ್ರದ ಕೆಲಸ. ದೊಡ್ಡ ಕಂಪನಿಗಳು ಚಂದಾ ಕಟ್ಟಿ ಸದಸ್ಯರಾದವು, ಸಣ್ಣ ಕಂಪನಿಗಳೂ ಒಳಗೆ ಬಂದವು. ತಮ್ಮ ಫ್ಯಾಕ್ಟರಿಯ ಯಂತ್ರ ನಿಲ್ಲಿಸದೆ ಇಲ್ಲಿ ಪ್ರಯೋಗ ಮಾಡಿಕೊಳ್ಳುವ ಅವಕಾಶ ಸಿಕ್ಕಿತು. ಮುಂದೆ ಅಪ್ರೆಂಟಿಸ್‌ಗಳಿಗೆ ತರಬೇತಿ ಕೇಂದ್ರವೂ ಸೇರಿತು. ವಿಮಾನದ ಎಂಜಿನ್ ಮಾಡುವ ರೋಲ್ಸ್ ರಾಯ್ಸ್ ಅಲ್ಲಿ ಟರ್ಬೈನ್ ಬ್ಲೇಡ್ ಎರಕದ ಘಟಕ ಕಟ್ಟಿತು. ಬೋಯಿಂಗ್ ಯುರೋಪಿನಲ್ಲಿ ತನ್ನ ಮೊದಲ ಕಾರ್ಖಾನೆ ತೆರೆದಿದ್ದು ಅಲ್ಲೇ, 2018ರಲ್ಲಿ.

ಆ ಎರಡು ಇಸವಿಗಳನ್ನು ನಿಮ್ಮ ಸಮಿತಿಯ ಮುಂದಿನ ಸಭೆಯಲ್ಲಿ ಬೋರ್ಡಿನ ಮೇಲೆ ಬರೆಯಿರಿ. ಕೇಂದ್ರ 2001, ಕಾರ್ಖಾನೆ 2018. ನಡುವೆ 17 ವರ್ಷ. ಯಾವ ಅಧ್ಯಕ್ಷರ ಅವಧಿಯೂ ಅಷ್ಟು ಉದ್ದ ಇರುವುದಿಲ್ಲ ಎಂದು ನೀವು ಹೇಳಬಹುದು. ಸರಿ. ಹಾಗಂತ ಆ 17 ವರ್ಷ ಖಾಲಿ ಕೂತಿರಲಿಲ್ಲ. ಸುತ್ತಲಿನ ಕಂಪನಿಗಳು ಆ ಕೇಂದ್ರದಿಂದ ಕಲಿಯುತ್ತಲೇ ಇದ್ದವು, ಹುಡುಗ ಹುಡುಗಿಯರು ಕೆಲಸಕ್ಕೆ ಸೇರುತ್ತಲೇ ಇದ್ದರು. ಖಾಲಿ ಪ್ಲಾಟಿನಿಂದ ಯಾರೂ ಏನೂ ಕಲಿಯುವುದಿಲ್ಲ.

‘ಅಲ್ಲಿ ವಿಶ್ವವಿದ್ಯಾಲಯ ಇತ್ತು, ಉಕ್ಕಿನ ಪರಂಪರೆ ಇತ್ತು, ನಮ್ಮಲ್ಲಿ ಏನಿದೆ?’ ಇದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಏನೂ ಆಗುವುದಿಲ್ಲ ಎಂದು ನೀವು ಬರೆದ ಆ ಸಣ್ಣ ವರ್ಕ್‌ಶಾಪ್‌ಗಳೇ ನಿಮ್ಮ ಆಸ್ತಿ. ಅಲ್ಲಿ ಲೇತ್ ಮುಂದೆ ನಿಂತವರ ಕೈ ಈಗಾಗಲೇ ಲೋಹ ಬಲ್ಲದು. ಅವರಿಗೆ ಇಲ್ಲದಿರುವುದು ಒಳ್ಳೆಯ ಅಳತೆಯ ಉಪಕರಣ, ಗುಣಮಟ್ಟದ ಸರ್ಟಿಫಿಕೇಟ್, ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ಲೋಹ ಗಟ್ಟಿ ಮಾಡುವುದು) ಮತ್ತು ಪ್ಲೇಟಿಂಗ್ (ಮೇಲೆ ಲೋಹದ ಲೇಪ ಕೊಡುವುದು) ಮಾಡಿಸಲು ಹತ್ತಿರದಲ್ಲೊಂದು ಜಾಗ. ಒಂದು ಭಾಗವನ್ನು ಒಂದೇ ದಿನದಲ್ಲಿ ಕಡೆದು, ಅನೋಡೈಸಿಂಗ್‌ಗೆಂದು (ಅಲ್ಯೂಮಿನಿಯಂ ಮೇಲೆ ರಕ್ಷಣೆಯ ಪದರ ಕೂರಿಸಲು) ದೂರದ ಊರಿಗೆ ಕಳಿಸಿ, ಅದು ವಾಪಸ್ ಬರಲಿ ಅಂತ ವಾರಗಟ್ಟಲೆ ಕಾಯುವ ವೆಂಡರ್‌ಗೆ, ಅಂದರೆ ಬಿಡಿಭಾಗ ಪೂರೈಸುವವರಿಗೆ, ದೊಡ್ಡ ಕಂಪನಿ ಆರ್ಡರ್ ಕೊಡುವುದಿಲ್ಲ. ಹತ್ತಾರು ವರ್ಕ್‌ಶಾಪ್‌ಗಳು ಸೇರಿ ಬಳಸುವಂಥ ಒಂದು ಪ್ಲೇಟಿಂಗ್ ಘಟಕ, ಅದರ ತ್ಯಾಜ್ಯ ನೀರು ಶುದ್ಧ ಮಾಡುವ ಪ್ಲಾಂಟ್, ಅಚ್ಚು, ಉಪಕರಣ ಮಾಡಿಕೊಡುವ ಒಂದು ಟೂಲ್ ರೂಮ್, ಒಂದು ಟೆಸ್ಟಿಂಗ್ ಲ್ಯಾಬ್. ಒಬ್ಬೊಬ್ಬರೇ ಇವನ್ನು ಕಟ್ಟಲಾರರು, ವಲಯ ಕಟ್ಟಬಲ್ಲದು. ಯಾವ ಕ್ಷೇತ್ರ ಆರಿಸಬೇಕು ಎಂದು ತಿಳಿಯಲು ದುಬಾರಿ ಕನ್ಸಲ್ಟೆಂಟ್ ವರದಿಗಿಂತ ಮೊದಲು ಈ ವರ್ಕ್‌ಶಾಪ್‌ಗಳ ಬಾಗಿಲು ತಟ್ಟಿ. ಅವರು ಇಂದು ಮಾಡುವ ಕೆಲಸಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಆರಿಸಿಕೊಳ್ಳಿ. ನೀವು ಪಟ್ಟಿ ಮಾಡಿದ ಕ್ಷೇತ್ರಗಳೆಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ, ಒಂದೆರಡು ಸಾಕು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ದೊಡ್ಡ ಮೀನಿನದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2017ರಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಸುವ ತೈವಾನಿನ ಫಾಕ್ಸ್‌ಕಾನ್ ಜೊತೆ ಒಪ್ಪಂದ ಮಾಡಿಕೊಂಡಿತು. 1,000 ಕೋಟಿ ಡಾಲರ್ ಹೂಡಿಕೆ, 13,000 ಉದ್ಯೋಗ ಎಂಬ ಮಾತು. ರಾಜ್ಯ ಕೊಡಲು ಒಪ್ಪಿದ್ದು ಸುಮಾರು 300 ಕೋಟಿ ಡಾಲರ್‌ವರೆಗಿನ ನೆರವು. ಮೌಂಟ್ ಪ್ಲೆಸೆಂಟ್ ಎಂಬ ಸಣ್ಣ ಊರು ಜನರ ಮನೆಗಳಿದ್ದ ಜಾಗ ಕೊಂಡು, ರಸ್ತೆ, ನೀರಿನ ಪೈಪಿಗೆಂದು ಸಾಲ ಮಾಡಿತು. 2021ರಲ್ಲಿ ಒಪ್ಪಂದ ತಿದ್ದಿದಾಗ ಹೂಡಿಕೆಯ ಗುರಿ 67.2 ಕೋಟಿ ಡಾಲರ್‌ಗೆ, ಉದ್ಯೋಗದ ಗುರಿ 1,454ಕ್ಕೆ ಇಳಿದಿತ್ತು. ರಾಜ್ಯದ ನೆರವು ಕೆಲಸ ಕೊಟ್ಟ ಮೇಲೆ ಸಿಗುವಂತೆ ಷರತ್ತು ಇದ್ದಿದ್ದರಿಂದ ರಾಜ್ಯದ ಹಣದ ಬಹುಪಾಲು ಉಳಿಯಿತು. ಆ ಷರತ್ತನ್ನು ನೀವೂ ಬಿಡಬೇಡಿ. ಆದರೆ ಆ ಊರಿನಲ್ಲಿ ಮನೆ ಬಿಟ್ಟು ಹೋದವರಿಗೆ ಮನೆ ವಾಪಸ್ ಬರಲಿಲ್ಲ.

ದೊಡ್ಡ ಕಂಪನಿ ಬರಬಾರದು ಎಂದು ನಾನು ಹೇಳುತ್ತಿಲ್ಲ. ಬಂದಾಗ ಊರು ಏನು ಕಲಿಯಿತು ಅನ್ನುವುದು ಮುಖ್ಯ. ಚಿಪ್ ತಯಾರಿಸುವ ಇಂಟೆಲ್ 1996ರಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶವನ್ನು ಆರಿಸಿಕೊಂಡಿತು. 2014ರಲ್ಲಿ ಅಲ್ಲಿನ ಜೋಡಣೆ ಘಟಕ ಮುಚ್ಚುವುದಾಗಿ ಹೇಳಿತು, ಸುಮಾರು 1,500 ಜನ ಕೆಲಸ ಕಳೆದುಕೊಂಡರು. ಅದು ದೊಡ್ಡ ಪೆಟ್ಟೇ. ಆದರೂ ದೇಶ ಕುಸಿದು ಕೂರಲಿಲ್ಲ. ಅಷ್ಟರಲ್ಲಿ ತಂತ್ರಜ್ಞರು ತಯಾರಾಗಿದ್ದರು, ಕಾಲೇಜುಗಳ ಪಠ್ಯ ಬದಲಾಗಿತ್ತು, ವೈದ್ಯಕೀಯ ಸಾಧನಗಳ ಕಂಪನಿಗಳು ಸಾಲಾಗಿ ಬಂದಿದ್ದವು. ಇಂದು ಆ ದೇಶ ರಫ್ತು ಮಾಡುವ ಸರಕುಗಳಲ್ಲಿ ವೈದ್ಯಕೀಯ ಸಾಧನಗಳೇ ಮೊದಲು. ಮೆಕ್ಸಿಕೊದ ಕೆರೆಟಾರೊ ರಾಜ್ಯ ಕೂಡ ಹೀಗೆಯೇ ಯೋಚಿಸಿತು. ವಿಮಾನ ತಯಾರಿಸುವ ಬೊಂಬಾರ್ಡಿಯೆ 2006ರಲ್ಲಿ ಅಲ್ಲಿ ಕೆಲಸ ಶುರು ಮಾಡಿತು. ಮೊದಲು ವೈರಿನ ಕಟ್ಟು ಕಟ್ಟುವಂಥ ಕೆಲಸ, ಆಮೇಲೆ ವಿಮಾನದ ಒಡಲಿನ ಭಾಗಗಳು. 2007ರಲ್ಲಿ, ಅಂದರೆ ಮರುವರ್ಷವೇ, ವಿಮಾನ ತಯಾರಿಕೆಗೆಂದೇ ಒಂದು ಸರ್ಕಾರಿ ವಿಶ್ವವಿದ್ಯಾಲಯ ಅಲ್ಲಿ ಶುರುವಾಯಿತು. ಬೊಂಬಾರ್ಡಿಯೆಗೆ ಅಂತ ಕಲಿತವರು ಬೇರೆ ಕಂಪನಿಗೂ ಹೋಗಬಹುದು, ಅದೇ ಅದರ ಲಾಭ.

ಇಲ್ಲಿ ಒಂದು ಭಯ ಸಹಜ. ನಾವು ತರಬೇತಿ ಕೊಟ್ಟವರನ್ನು ಪಕ್ಕದ ಕಂಪನಿ ಎಳೆದುಕೊಂಡರೆ? ಮಲೇಷ್ಯಾದ ಪೆನಾಂಗ್‌ನಲ್ಲೂ ಇದೇ ಭಯ ಇತ್ತು. ಅಲ್ಲಿನ ಮುಕ್ತ ವಲಯಕ್ಕೆ 1972ರಲ್ಲೇ ಇಂಟೆಲ್ ಬಂದಿತ್ತು, ಬೇರೆ ಚಿಪ್ ಕಂಪನಿಗಳೂ ಬಂದಿದ್ದವು. ಒಬ್ಬರ ಜನರನ್ನು ಇನ್ನೊಬ್ಬರು ಸೆಳೆಯುವುದು ಜಾಸ್ತಿ ಆದಾಗ, 1989ರಲ್ಲಿ ರಾಜ್ಯ ಸರ್ಕಾರದ ಜೊತೆ ಕಂಪನಿಗಳೇ ಸೇರಿ ಒಂದು ಕೌಶಲ್ಯ ಕೇಂದ್ರ ಕಟ್ಟಿಕೊಂಡವು. ಪೈಪೋಟಿ ನಡೆಸುವವರೇ ಒಂದೇ ಮೇಜಿನ ಸುತ್ತ ಕೂತು ಏನು ಕಲಿಸಬೇಕು ಎಂದು ತೀರ್ಮಾನಿಸಿದರು, ತಮ್ಮ ಯಂತ್ರಗಳನ್ನೂ ಕೊಟ್ಟರು. ನಿಮ್ಮ ತರಬೇತಿ ಕೇಂದ್ರಕ್ಕೂ ಇದೇ ನಿಯಮ ಇರಲಿ. ಪಠ್ಯ ಬರೆಯುವುದು ಫ್ಯಾಕ್ಟರಿಯವರು, ನೀವಲ್ಲ. ಈಗಿನ್ನೂ ಕಂಪನಿ ಇಲ್ಲ ಅಂದರೆ, ಬರಬೇಕೆಂದು ನೀವು ಬಯಸುವ ಕಂಪನಿಯ ವೆಂಡರ್ ಆಡಿಟ್‌ನಲ್ಲಿ ಏನೇನು ಕೇಳುತ್ತಾರೋ ಅದೇ ನಿಮ್ಮ ಮೊದಲ ಪಠ್ಯ.

ಏಕಗವಾಕ್ಷಿ, ಅಂದರೆ ಎಲ್ಲ ಅನುಮತಿಗಳನ್ನೂ ಒಂದೇ ಕಡೆ ಕೊಡುವ ವ್ಯವಸ್ಥೆ, ಬಗ್ಗೆ ನೀವು ಒಂದಿಡೀ ಪುಟ ಬರೆದಿದ್ದೀರಿ. ಒಂದೇ ಮಾತು ಹೇಳುತ್ತೇನೆ. ಅನುಮತಿ ಕೊಟ್ಟ ಮೇಲೆ ನಿಮ್ಮ ಅಧಿಕಾರಿ ಕಂಪನಿಯ ಫೋನ್ ಎತ್ತುತ್ತಾರಾ? ಹೊಸಬರು ನಿಮ್ಮ ಬಗ್ಗೆ ವಿಚಾರಿಸುವುದು ನಿಮ್ಮಲ್ಲಿ ಈಗಾಗಲೇ ಇರುವವರ ಹತ್ತಿರ. ಗೋದಾಮಿನವರನ್ನೂ ಸೇರಿಸಿ ಇರುವ ಪ್ರತಿಯೊಬ್ಬರಿಗೂ ಸಂಪರ್ಕಕ್ಕೆ ಒಬ್ಬ ಅಧಿಕಾರಿಯನ್ನು ಹೆಸರಿಸಿ ಗೊತ್ತು ಮಾಡಿ.

ವಿದೇಶದ ರೋಡ್‌ಶೋಗೆಂದು ಈ ವರ್ಷ ಹಣ ತೆಗೆದಿಟ್ಟಿರುವುದಾಗಿ ಬರೆದಿದ್ದೀರಿ. ನಾನಾಗಿದ್ದರೆ ಈ ಸಲ ಹೋಗುತ್ತಿರಲಿಲ್ಲ. ಆ ಹಣದಲ್ಲಿ 20 ಡಿಗ್ರಿಯ ಒಂದು ಕೋಣೆ ಕಟ್ಟಿಸಿ, ಅಳತೆ ಬಲ್ಲ ಒಬ್ಬ ಅನುಭವಿಯನ್ನು ಒಳ್ಳೆಯ ಸಂಬಳಕ್ಕೆ ಕರೆತಂದು, ವರ್ಕ್‌ಶಾಪ್‌ನವರಿಗೆ ಮೊದಲ ವರ್ಷ ಶುಲ್ಕ ಇಲ್ಲದೆ ಬಾಗಿಲು ತೆರೆಯುತ್ತಿದ್ದೆ. ಸಬ್‌ಸ್ಟೇಶನ್‌ನ ದಾಖಲೆಯನ್ನು ಇದೇ ತಿಂಗಳಿಂದ ಶುರು ಮಾಡಲು ನೋಡಿ. ವರ್ಷ ತುಂಬಿದ ಮೇಲೆ ಆ ಅಂಕಿಗಳನ್ನು ನಮಗೆ ಕಳಿಸಿ. ಚೆನ್ನಾಗಿರಲಿ ಬಿಡಲಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ