ವೆಬ್‌ಸೈಟ್ ಮಾಡಿಸುವ ಮೊದಲು ನಿಮ್ಮ ವಾಟ್ಸ್ಆ್ಯಪ್ ಓದಿ

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಲ್ಲಿ ನಾನು, ನನ್ನ ಓರಗಿತ್ತಿ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಹಲಸಿನ ಚಿಪ್ಸ್ ಮಾಡಿ ಮಾರುತ್ತೇವೆ. ಆರ್ಡರ್ ಎಲ್ಲ ವಾಟ್ಸ್ಆ್ಯಪ್‌ನಲ್ಲೇ. ಬೆಂಗಳೂರು, ಪುಣೆಯಿಂದಲೂ ತರಿಸಿಕೊಳ್ಳುವವರಿದ್ದಾರೆ. ವೆಬ್‌ಸೈಟ್, ಕಾರ್ಟ್ (ಗಿರಾಕಿ ಸೈಟಿನಲ್ಲೇ ಸಾಮಾನು ಆರಿಸಿ ಆರ್ಡರ್ ಮಾಡುವ ವ್ಯವಸ್ಥೆ), ಪೇಮೆಂಟ್, ಆ್ಯಪ್ ಎಲ್ಲ ಸೇರಿ 45 ಸಾವಿರ ರೂಪಾಯಿ ಎಂದು ಒಬ್ಬರು ಹೇಳಿದ್ದಾರೆ. ನಮ್ಮ ಮನೆಯವರು ಇನ್‌ಸ್ಟಾಗ್ರಾಂ ಸಾಕು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮಗೆ ವೆಬ್‌ಸೈಟ್ ಬೇಕು. ಆದರೆ ಅವರು ಹೇಳಿದ ಅಷ್ಟೂ ಈಗಲೇ ಬೇಡ, ಆ್ಯಪ್ ಅಂತೂ ಬೇಡವೇ ಬೇಡ. ವರ್ಷಕ್ಕೆ ಎರಡು ಸಲ ಉಪ್ಪಿನಕಾಯಿ ತರಿಸುವವರು ಅದಕ್ಕೆಂದೇ ಫೋನಿಗೆ ಇನ್ನೊಂದು ಆ್ಯಪ್ ಹಾಕಿಕೊಳ್ಳುವುದಿಲ್ಲ. ನಿಮ್ಮ ಯಜಮಾನರ ಮಾತು ಅರ್ಧ ಸರಿ. ಹೊಸಬರನ್ನು ಕರೆತರಲು ಇನ್‌ಸ್ಟಾಗ್ರಾಂ ಒಳ್ಳೆಯದೇ, ಆದರೆ ಕಳೆದ ತಿಂಗಳು ಹಾಕಿದ ದರಪಟ್ಟಿಯನ್ನು ಅಲ್ಲಿ ಹುಡುಕಿ ತೆಗೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಮೊದಲು ಕಳೆದ ಎರಡು ಮೂರು ತಿಂಗಳ ವಾಟ್ಸ್ಆ್ಯಪ್ ಮಾತುಕತೆ ತೆಗೆದು, ಗಿರಾಕಿಗಳು ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿ. ‘ಎಣ್ಣೆ ಹಾಕಿದ್ದಾ, ಹಾಗೇ ಇದ್ದದ್ದಾ?’, ‘ಬೆಳ್ಳುಳ್ಳಿ ಇದೆಯಾ?’, ‘ಎಷ್ಟು ತಿಂಗಳು ಬರುತ್ತೆ?’, ‘ಪುಣೆಗೆ ಕೊರಿಯರ್ ಎಷ್ಟು?’ ಇವಕ್ಕೆ ಉತ್ತರ ಕೊಡುವುದೇ ನಿಮ್ಮ ಸೈಟಿನ ಕೆಲಸ. ‘ನಮ್ಮ ಧ್ಯೇಯ, ನಮ್ಮ ದೃಷ್ಟಿಕೋನ’ ಅಂತ ಪುಟ ಬರೆಸಲು ಸೈಟ್ ಮಾಡುವವರು ಹೇಳಿದರೆ ನಕ್ಕು ಸುಮ್ಮನಾಗಿ.

ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಸಾಗಣೆ ಖರ್ಚಿಗೆ. ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಆ ಲೆಕ್ಕಕ್ಕೇ ದುಡ್ಡು. 30, 25, 20 ಸೆಂಟಿಮೀಟರಿನ ಡಬ್ಬದಲ್ಲಿ 1 ಕೆ.ಜಿ. ಚಿಪ್ಸ್ ತುಂಬಿ ಕಳಿಸಿದರೆ ಬಿಲ್ ಬರುವುದು 3 ಕೆ.ಜಿ.ಗೆ! ಉಪ್ಪಿನಕಾಯಿಯದ್ದು ಇದಕ್ಕೆ ಉಲ್ಟಾ. ಡಬ್ಬ ಚಿಕ್ಕದು, ತೂಕ ಜಾಸ್ತಿ, ಗಾಜಿನ ಬಾಟಲಿಯಾದರೆ ಒಡೆಯುವ ಭಯ ಬೇರೆ. ಹೀಗಿರುವಾಗ ‘ಎಲ್ಲಿಗಾದರೂ 60 ರೂಪಾಯಿ’ ಎಂದು ಸೈಟಿನಲ್ಲಿ ಬರೆದುಬಿಟ್ಟರೆ ಚಿಪ್ಸ್ ಮಾರಿದಷ್ಟೂ ಕೈಯಿಂದ ಹೋಗುತ್ತದೆ. ಮೂರು ಅಳತೆಯ ಡಬ್ಬ ಆರಿಸಿಕೊಂಡು, ಅಂಚೆ ಕಚೇರಿಯಲ್ಲೂ ಕೊರಿಯರ್‌ನಲ್ಲೂ ರಾಜ್ಯದೊಳಗೆ ಎಷ್ಟು, ಹೊರಗೆ ಎಷ್ಟು ಎಂದು ಕೇಳಿ ಪಟ್ಟಿ ಮಾಡಿ. ಅದು ಕೈಗೆ ಬರುವ ತನಕ ಕಾರ್ಟ್ ಮಾತೇ ಬೇಡ.

ಅಲ್ಲಿಯವರೆಗೆ ಒಂದೊಂದು ತಿನಿಸಿಗೆ ಒಂದೊಂದು ಪುಟವಿದ್ದರೆ ಸಾಕು. ಫೋಟೊ, ತೂಕ, ದರ, ಏನೇನು ಹಾಕಿದ್ದೀರಿ, ಎಷ್ಟು ದಿನ ಇಡಬಹುದು, ಕೊನೆಗೆ ವಾಟ್ಸ್ಆ್ಯಪ್ ಬಟನ್. ಅದನ್ನು ಒತ್ತಿದರೆ ತಿನಿಸಿನ ಹೆಸರು ಆಗಲೇ ಟೈಪ್ ಆಗಿರುವಂತೆ ಮಾಡಬಹುದು, ಕೇಳಿ ಮಾಡಿಸಿಕೊಳ್ಳಿ. ಫೋನಿನಲ್ಲಿ ತೆಗೆದ ಫೋಟೊ ನಾಲ್ಕೈದು ಎಂಬಿ ಇರುತ್ತದೆ, 200 ಕೆಬಿಯೊಳಗೆ ಇಳಿಸಿ ಹಾಕಲಿ. ಅಪ್ಪೆಮಿಡಿ ವರ್ಷವಿಡೀ ಸಿಗುವುದಿಲ್ಲವಲ್ಲ, ದಾಸ್ತಾನು ಮುಗಿದ ದಿನ ‘ಮುಗಿದಿದೆ’ ಎಂದು ಬದಲಿಸುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು. ಅದಕ್ಕೂ ಸೈಟ್ ಮಾಡಿದವರಿಗೇ ಫೋನ್ ಮಾಡಬೇಕು ಎಂದಾದರೆ ಆ ಸೈಟ್ ಬೇಡ.

ಕನ್ನಡದಲ್ಲೂ ಇರಲಿ. ಇಲ್ಲೊಂದು ತೊಡಕಿದೆ. ನಿಮ್ಮ ಲೇಬಲ್ ಮಾಡಿಕೊಟ್ಟ ಪ್ರೆಸ್‌ನವರು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಅದನ್ನು ಹಾಗೇ ಸೈಟಿಗೆ ಅಂಟಿಸಿದಾಗ ಅಕ್ಷರವೆಲ್ಲ ಗಜಿಬಿಜಿ. ಕೆಲವರು ಆ ಬರಹವನ್ನೇ ಚಿತ್ರ ಮಾಡಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ನೋಡಲು ಚೆಂದ, ಆದರೆ ಗೂಗಲ್‌ನಲ್ಲಿ ‘ಅಪ್ಪೆಮಿಡಿ’ ಎಂದು ಹುಡುಕಿದವರಿಗೆ ನೀವು ಸಿಗುವುದು ಕಷ್ಟ. ಎಲ್ಲವನ್ನೂ ಯೂನಿಕೋಡ್‌ನಲ್ಲೇ, ಅಂದರೆ ಯಾವ ಫೋನ್, ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಅಕ್ಷರ ವ್ಯವಸ್ಥೆಯಲ್ಲೇ ಟೈಪ್ ಮಾಡಿಸಿ.

ಕಾಯಿದೆಯ ವಿಷಯ ಚುಟುಕಾಗಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಂಆರ್‌ಪಿ ಲೇಬಲ್ ಮೇಲಿದ್ದಂತೆ ಸೈಟಿನಲ್ಲೂ ಕಾಣಬೇಕು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಕೇಳುವವರ ಹೆಸರು, ಫೋನ್ ನಂಬರ್ ಹಾಕಿ, ದೂರು ಬಂದರೆ 48 ಗಂಟೆಯೊಳಗೆ ‘ತಲುಪಿತು’ ಎಂದು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇನ್ನು ಜಿಎಸ್‌ಟಿ. ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವ ತನಕ ನೋಂದಣಿ ಬೇಡ ಎಂಬುದು ರಾಜ್ಯದೊಳಗಿನ ಮಾರಾಟದ ಮಾತು. ಉಪ್ಪಿನಕಾಯಿಯಂಥ ತೆರಿಗೆಯಿರುವ ಸರಕನ್ನು ಪುಣೆಗೆ ಮಾರಬೇಕಾದರೆ ವಹಿವಾಟು ಎಷ್ಟೇ ಇರಲಿ, ನೋಂದಣಿ ಬೇಕು. ವೆಬ್‌ಸೈಟಿಗೆ ಮೊದಲೇ ಒಬ್ಬ ತೆರಿಗೆ ಸಲಹೆಗಾರರನ್ನು ಕಾಣಿ.

ಸೈಟಿನ ಹೆಸರು ಮಾತ್ರ ಯಾವ ಕಾರಣಕ್ಕೂ ಬೇರೆಯವರ ಕೈಗೆ ಕೊಡಬೇಡಿ. ಡೊಮೇನ್, ಅಂದರೆ ಸೈಟಿನ ವಿಳಾಸ, ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿನಲ್ಲೇ ನೋಂದಣಿಯಾಗಲಿ, ಪಾಸ್‌ವರ್ಡ್ ನಿಮ್ಮಲ್ಲಿರಲಿ. ಮಾಡಿಕೊಟ್ಟವರು ತಮ್ಮ ಖಾತೆಯಲ್ಲಿ ತೆಗೆದುಕೊಂಡು, ಎರಡು ವರ್ಷದ ಮೇಲೆ ಫೋನ್ ಎತ್ತದೆ, ನವೀಕರಣವಾಗದೆ ಲೇಬಲ್ ಮೇಲೆ ಅಚ್ಚಾದ ವಿಳಾಸವೇ ಕೈಬಿಟ್ಟುಹೋದ ಅಂಗಡಿಗಳಿವೆ. ಮೊದಲ ವರ್ಷದ ದರ ಅಗ್ಗವಿರುತ್ತದೆ. ಎರಡನೇ ವರ್ಷ ಡೊಮೇನಿಗೆಷ್ಟು, ಹೋಸ್ಟಿಂಗಿಗೆ (ಸೈಟನ್ನು ಇಂಟರ್‌ನೆಟ್ಟಿನಲ್ಲಿ ಇಡುವ ಜಾಗಕ್ಕೆ) ಎಷ್ಟು ಎಂದು ಈಗಲೇ ಬರೆಸಿಕೊಳ್ಳಿ. ಸೈಟಿಗೂ ಗಿರಾಕಿಯ ಫೋನಿಗೂ ನಡುವೆ ಮಾಹಿತಿ ಕದಿಯದಂತೆ ಕಾಯುವ ಎಸ್‌ಎಸ್‌ಎಲ್‌ಗೆ ಬೇರೆ ದುಡ್ಡು ಕೇಳಿದರೆ, ಅದನ್ನು ಕೊಡುವ ‘ಲೆಟ್ಸ್ ಎನ್‌ಕ್ರಿಪ್ಟ್’ ಸೇವೆ ಉಚಿತವಲ್ಲವೇ ಎಂದು ಕೇಳಿ ನೋಡಿ.

ಪ್ರಶ್ನೆ: ಹಾವೇರಿ ಜಿಲ್ಲೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ನನಗೂ ವೆಬ್‌ಸೈಟ್ ಬೇಕೇ?

ಉತ್ತರ: ಬೇಡ. ಪಂಪ್‌ಸೆಟ್ ಸುಟ್ಟವರು ನೋಡುವುದು ಅಂಗಡಿ ಎಲ್ಲಿದೆ, ಈಗ ತೆಗೆದಿದೆಯಾ, ನಂಬರ್ ಯಾವುದು ಎಂಬುದನ್ನು. ಅದಕ್ಕೆ ಗೂಗಲ್‌ನಲ್ಲೂ ಅದರ ಮ್ಯಾಪ್‌ನಲ್ಲೂ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಸಾಕು, ದುಡ್ಡಿಲ್ಲ. ಅಂಗಡಿಯ ವಿಡಿಯೊ ತೋರಿಸಿ ಖಾತರಿಪಡಿಸಲು ಗೂಗಲ್ ಹೇಳಬಹುದು, ಬೋರ್ಡ್ ಕಾಣುವಂತೆ ತೆಗೆಯಿರಿ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರಷ್ಟೇ ಹಾಕಿ. ‘ನಂಬರ್ ಒನ್ ಮೋಟರ್ ರಿಪೇರಿ’ ಎಂದೆಲ್ಲ ಸೇರಿಸಿದರೆ ಪ್ರೊಫೈಲ್ ತಡೆಹಿಡಿಯುವುದುಂಟು. ಅಮಾವಾಸ್ಯೆಗೆ ಬಾಗಿಲು ಹಾಕುವ ರೂಢಿಯಿದ್ದರೆ ಆ ದಿನಗಳನ್ನೂ ರಜೆ ಎಂದು ನಮೂದಿಸಿಬಿಡಿ.