ಆ್ಯಪ್‌ನ್ಯಾಗ ಹೂವಿಲ್ಲ, ಬರೀ ಗುಂಡಿ ಅದಾವ

ಪ್ರಶ್ನೆ: ನಾನು ಬೆಳಗಾವಿಯ ಟಿಳಕವಾಡಿಯವಳು, ವಯಸ್ಸು 27. ಅಪ್ಪನದು ಹೂವಿನ ಅಂಗಡಿ. ಕಾಕಾನ ಮಗನ ಕೈಲಿ ಬೊಕೆ ಆರ್ಡರ್ ಮಾಡುವ ಆ್ಯಪ್ ಮಾಡಿಸಿದೆ. ನನ್ನ ಉಳಿತಾಯದ ಒಂದೂವರೆ ಲಕ್ಷ ಖರ್ಚಾಯಿತು. 48 ಬಗೆಯ ಹೂ ಇಟ್ಟು, ಗಿರಾಕಿಯೇ ಬೆರಳಿನಿಂದ ಎಳೆದು ಬೊಕೆ ಜೋಡಿಸುವ ಹಾಗೆ ಮಾಡಿದ್ದೇವೆ. ಜನ ಸ್ವಲ್ಪ ಹೊತ್ತು ಆಡುತ್ತಾರೆ, ಆರ್ಡರ್ ಮಾಡದೆ ಹೋಗುತ್ತಾರೆ. ಕಳೆದ ತಿಂಗಳು ಒಬ್ಬರು ಹಳದಿ ಲಿಲ್ಲಿ ಕೇಳಿದ್ದರು. ಇರಲಿಲ್ಲ, ಅಪ್ಪ ಹಳದಿ ಜರ್ಬೆರಾ ಕಳಿಸಿದರು. ಅವರು ಒಂದೇ ಸ್ಟಾರ್ ಕೊಟ್ಟು ಬೈದು ಬರೆದರು. ಆವತ್ತಿನಿಂದ ಅಪ್ಪ ‘ನಿನ್ನ ಆ್ಯಪ್‌ನ್ಯಾಗ ಹೂವಿಲ್ಲ, ಬರೀ ಗುಂಡಿ ಅದಾವ’ ಎಂದು ಮುಖ ತಿರುಗಿಸಿದ್ದಾರೆ. ಇನ್ನೂ 60 ಸಾವಿರ ಕೊಟ್ಟರೆ ಬೊಕೆಯನ್ನು 3ಡಿಯಲ್ಲಿ ತೋರಿಸುತ್ತೇನೆ ಅನ್ನುತ್ತಾನೆ ಅಣ್ಣ. ಕೊಡಲೋ, ಮುಚ್ಚಲೋ?

ಉತ್ತರ: 3ಡಿಗೆ ದುಡ್ಡು ಕೊಡಬೇಡಿ, ಆ್ಯಪ್ ಮುಚ್ಚಲೂ ಬೇಡಿ. ನಿಮ್ಮಪ್ಪ ಸಿಟ್ಟಿನಲ್ಲೇ ಅಂದಿರಬಹುದು, ಆದರೆ ರೋಗ ಗುರುತಿಸಿದ್ದು ಅವರೇ. ಅಂಗಡಿಗೆ ಬಂದವರ ಮುಂದೆ 48 ಬಗೆಯ ಹೂ ಸುರಿದು ‘ನೀವೇ ಕಟ್ಟಿಕೊಳ್ಳಿ’ ಎಂದು ಅವರು ಎಂದಾದರೂ ಹೇಳಿದ್ದಾರೆಯೇ? ನಿಮ್ಮ ಆ್ಯಪ್ ಹೇಳುತ್ತಿದೆ. ಯಾವ ಹೂವಿಗೆ ಯಾವುದು ಒಪ್ಪುತ್ತದೆ, ಜಿಪ್ಸೊ (ನಡುವೆ ತುಂಬುವ ಪುಟ್ಟ ಬಿಳಿ ಹೂ) ಎಷ್ಟು ಸೇರಿಸಿದರೆ ತುಂಬಿ ಕಾಣುತ್ತದೆ ಎಂಬುದು ಕಟ್ಟುವವರಿಗೆ ಗೊತ್ತು, ಕೊಳ್ಳುವವರಿಗಲ್ಲ. 3ಡಿ ಬಂದರೆ ಅಗ್ಗದ ಫೋನುಗಳು ಇನ್ನಷ್ಟು ತಡವರಿಸುತ್ತವೆ, ಅಷ್ಟೇ.

ಒಂದು ಇಡೀ ದಿನ ಅಪ್ಪನ ಪಕ್ಕ ಕೂತು, ಅವರು ಗಿರಾಕಿಗಳಿಗೆ ಕೇಳುವ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಬರೆದುಕೊಳ್ಳಿ. ಹೆಚ್ಚುಕಡಿಮೆ ಹೀಗಿರುತ್ತವೆ: ‘ಯಾರಿಗ್ರಿ? ಯಾವಾಗ ಬೇಕ್ರಿ? ಎಷ್ಟರೊಳಗ ಕಟ್ಟಲ್ರಿ?’ ನಿಮ್ಮ ಮೊದಲ ಮೂರು ಪರದೆಗಳು ಇವೇ. ನಾಲ್ಕನೆಯದರಲ್ಲಿ ಆ ದರಕ್ಕೆ ಅಪ್ಪ ಕಟ್ಟಿದ ಆರೇಳು ಬೊಕೆಗಳ ಫೋಟೊ ಇರಲಿ. ಗಿರಾಕಿ ಬದಲಾಯಿಸಬಹುದಾದದ್ದು ಬಣ್ಣ, ಗಾತ್ರ, ಸುತ್ತುವ ಕಾಗದ, ಚೀಟಿಯ ಬರಹ ಮಾತ್ರ. ಗಾತ್ರಕ್ಕೆ ‘ಸಣ್ಣದು, ದೊಡ್ಡದು’ ಎಂದರೆ ಸಾಲದು. ‘10 ಜರ್ಬೆರಾ, 3 ಎಳೆ ಫರ್ನ್, ಒಂದು ಹಿಡಿ ಜಿಪ್ಸೊ’ ಎಂದು ಎಣಿಸಿ ಬರೆಯಿರಿ. ಫೋಟೊದಲ್ಲಿ ಬೊಕೆ ಹಿಡಿದ ಕೈ ಕಾಣಲೇಬೇಕು. ತೀರ ಹತ್ತಿರದಿಂದ ತೆಗೆದರೆ ಐದು ಹೂವಿನದೂ ಇಪ್ಪತ್ತರದಂತೆ ಕಾಣುತ್ತದೆ, ಆಮೇಲೆ ಜಗಳ. ಡೆಲಿವರಿ ಸೇರಿದ ಒಟ್ಟು ದರ ಪರದೆಯ ಕೆಳಗೆ ಸದಾ ಇರಲಿ. ಒಟಿಪಿ ಕೊನೆಗೆ. ಹೂ ತೋರಿಸುವ ಮೊದಲೇ ನಂಬರ್ ಕೇಳುವುದು ಅಂಗಡಿ ಬಾಗಿಲಲ್ಲಿ ಆಧಾರ್ ಕೇಳಿದ ಹಾಗೆ.

ಇನ್ನು ಆ ಲಿಲ್ಲಿ. ಅದರಲ್ಲಿ ಅಪ್ಪನ ತಪ್ಪಿಲ್ಲ. ಬಣ್ಣ ಉಳಿಸಿ ಹೂ ಬದಲಿಸುವುದು ಈ ಕಸುಬಿನ ರೂಢಿ. ಅಂಗಡಿಯಲ್ಲಾದರೆ ‘ಲಿಲ್ಲಿ ಇಲ್ರಿ, ಜರ್ಬೆರಾ ಹಾಕ್ಲಿ?’ ಎಂದು ಕೇಳುತ್ತಿದ್ದರು. ಆ್ಯಪ್‌ನಲ್ಲಿ ಕೇಳಲು ಜಾಗವೇ ಇರಲಿಲ್ಲ. ದುಡ್ಡು ಕಟ್ಟುವ ಮೊದಲು ಈ ಒಂದು ಪ್ರಶ್ನೆ ಹಾಕಿ: ‘ಈ ಹೂ ಸಿಗದಿದ್ದರೆ?’ ಅದೇ ಬಣ್ಣದ ಬೇರೆ ಹೂ, ಅದೇ ಹೂವಿನ ಬೇರೆ ಬಣ್ಣ, ಫೋನ್ ಮಾಡಿ ಕೇಳಿ — ಉತ್ತರ ಮೂರೇ. ಬೊಕೆ ಹೊರಡುವ ಮುಂಚೆ ಒಂದು ಫೋಟೊ ವಾಟ್ಸ್‌ಆ್ಯಪ್‌ಗೆ ಹೋಗಲಿ.

ಈ ಆ್ಯಪ್ ಬಳಸುವ ಎರಡನೆಯವರು ಅಪ್ಪ. ಅವರಿಗೆಂದು ಯಾರೂ ಏನೂ ಮಾಡಿಲ್ಲ. ಬೆಳಿಗ್ಗೆ ಮಾರ್ಕೆಟ್‌ನಿಂದ ಹೂ ಬಂದ ತಕ್ಷಣ ಅವರು ನೋಡುವ ಪರದೆಯಲ್ಲಿ ಹೂವಿನ ದೊಡ್ಡ ಚಿತ್ರಗಳಿರಲಿ, ಮುಟ್ಟಿದರೆ ‘ಇದೆ’, ಮತ್ತೆ ಮುಟ್ಟಿದರೆ ‘ಇಲ್ಲ’. ಎಷ್ಟು ಕಡ್ಡಿ ಎಂದು ತುಂಬಿಸಲು ಹೇಳಿದರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಅವರ ಕೈ ದಿನವಿಡೀ ಒದ್ದೆ, ಒದ್ದೆ ಬೆರಳಿಗೆ ಟಚ್ ಸರಿಯಾಗಿ ಓಗೊಡುವುದಿಲ್ಲ. ಆಂಡ್ರಾಯ್ಡ್ ಹೇಳುವ 48 ಡಿಪಿ (ಪರದೆಯ ಮೇಲಿನ ಅಳತೆಯ ಮಾನ) ಗುಂಡಿ ಗಿರಾಕಿಗೆ ಸಾಕು, ಅಪ್ಪನಿಗೆ ಪರದೆಯ ಅಗಲಕ್ಕೆ ಒಂದೇ ‘ಒಪ್ಪಿದೆ’ ಗುಂಡಿ ಬೇಕು. ಆರ್ಡರ್ ಬಂದದ್ದು ಗಂಟೆಯಂತೆ ಜೋರಾಗಿ ಕೇಳಿಸಲಿ. ಒಂದು ಬೊಕೆಗೆ 15 ನಿಮಿಷ ಹಿಡಿದರೂ ಒಬ್ಬರಿಗೆ ಎರಡು ತಾಸಿನಲ್ಲಿ ಎಂಟು. ಎದುರು ಬಂದವರಿಗೆ ಎರಡು ಬಿಡಿ. ಆ ಎರಡು ತಾಸಿಗೆ ಆರು ಆರ್ಡರ್ ಆದ ಕೂಡಲೇ ಆ್ಯಪ್ ತಾನೇ ಬಾಗಿಲು ಮುಚ್ಚಬೇಕು, ಇಲ್ಲದಿದ್ದರೆ ಫೆಬ್ರವರಿ 14ಕ್ಕೆ ಏನಾಗುತ್ತದೆಂದು ನಿಮಗೇ ಗೊತ್ತು.

ವಿಳಾಸದಲ್ಲಿ ಗಲ್ಲಿಯ ಹೆಸರು ಮತ್ತು ಹತ್ತಿರದ ಗುರುತಿಗೆ ಬೇರೆ ಬೇರೆ ಜಾಗ ಕೊಡಿ. ಕಳಿಸುವವರ ಫೋನ್, ಪಡೆಯುವವರ ಫೋನ್ ಎರಡನ್ನೂ ಕೇಳಿ, ಡೆಲಿವರಿ ಹುಡುಗ ಯಾರಿಗೆ ಕರೆ ಮಾಡಬೇಕೆಂದೂ ಕೇಳಿ. ಅಚ್ಚರಿಯ ಬೊಕೆಗೆ ಮೊದಲೇ ಫೋನ್ ಹೋದರೆ ಮುಗಿಯಿತು.

ಯುಪಿಐಯಲ್ಲಿ ಖಾತೆಯಿಂದ ದುಡ್ಡು ಹೋಗಿ, ಆ್ಯಪ್ ಮಾತ್ರ ‘ವಿಫಲ’ ಎನ್ನುವುದುಂಟು. ಗಿರಾಕಿ ಎರಡನೇ ಸಲ ಕಟ್ಟುತ್ತಾರೆ. ಪಾವತಿಗೆ ಮುಂಚೆಯೇ ಆರ್ಡರ್ ಉಳಿಸಿ. ಫೋನ್ ಹೇಳಿದ್ದನ್ನು ನಂಬದೆ, ಪಾವತಿ ಕಂಪನಿಯ ಸರ್ವರ್‌ನಿಂದ ಖಾತ್ರಿ ಬರುವವರೆಗೆ ‘ಪರಿಶೀಲಿಸುತ್ತಿದ್ದೇವೆ’ ಎಂದು ತೋರಿಸಿ, ‘ಮತ್ತೆ ಪ್ರಯತ್ನಿಸಿ’ ಗುಂಡಿ ಅಡಗಿಸಿಡಿ.

ಭಾಷೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇರಲಿ, ಇದು ಬೆಳಗಾವಿ. ಇಂಗ್ಲಿಷ್‌ಗೆ ಅಳತೆ ಮಾಡಿದ ಸಾಲಿನಲ್ಲಿ ಕನ್ನಡದ ಒತ್ತಕ್ಷರದ ತಳ ಕತ್ತರಿಸಿಹೋಗುತ್ತದೆ. ‘ಲಕ್ಷ್ಮೀ’, ‘ಸ್ತ್ರೀ’ ಎಂದು ಹೊಡೆದು ನೋಡಿ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಮಾಡಿ. ಚೀಟಿ ಮುದ್ರಿಸುವಾಗಲೂ ಇದೇ ಪರೀಕ್ಷೆ.

ಕೋಡ್ ಮುಟ್ಟುವ ಮೊದಲು ಈ ಪರದೆಗಳನ್ನೆಲ್ಲ ಕಾಗದದ ಮೇಲೆ ಬರೆದು ಐದು ಜನರ ಮುಂದಿಡಿ. ‘ನಾಳೆ ಅತ್ತೆಯ ಹುಟ್ಟುಹಬ್ಬ, 600 ರೂಪಾಯಿಯೊಳಗೆ, ಶಹಾಪುರಕ್ಕೆ ಕಳಿಸಬೇಕು’ ಎಂದು ಹೇಳಿ ಬಾಯಿ ಮುಚ್ಚಿ ಕೂರಿ. ಎಲ್ಲಿ ಬೆರಳು ನಿಲ್ಲುತ್ತದೋ ಅಲ್ಲಿ ಗುರುತು ಮಾಡಿಕೊಳ್ಳಿ, ಹೇಳಿಕೊಡಬೇಡಿ. ಇದು ನಿಮಗೆ ತುಂಬ ಕಷ್ಟ ಅನಿಸುತ್ತದೆ. ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಅಣ್ಣನಿಗೆ ಈ ಪಟ್ಟಿ ಕೊಟ್ಟು, ಎಳೆದು ಜೋಡಿಸುವ ಭಾಗ ತೆಗೆಯಲು ಎಷ್ಟು ದಿನ ಬೇಕೆಂದು ಬರಹದಲ್ಲಿ ಕೇಳಿ. ದುಡ್ಡು ಭಾಗ ಭಾಗವಾಗಿ, ಕೆಲಸ ನೋಡಿ ಕೊಡಿ. ಇನ್ನೊಂದು: ಪ್ಲೇ ಸ್ಟೋರ್ ಖಾತೆ ಯಾರ ಹೆಸರಲ್ಲಿದೆ? ಅವನದಾಗಿದ್ದರೆ 25 ಡಾಲರ್ ಒಂದೇ ಸಲ ಕಟ್ಟಿ ನಿಮ್ಮ ಹೆಸರಲ್ಲಿ ತೆರೆದು ಆ್ಯಪನ್ನು ಅದಕ್ಕೆ ವರ್ಗಾಯಿಸಿಕೊಳ್ಳಿ. ಸೋರ್ಸ್ ಕೋಡೂ (ಆ್ಯಪ್ ಬರೆದ ಮೂಲ ಕಡತಗಳು) ನಿಮ್ಮ ಕೈಲಿರಲಿ. ಇದು ಅಣ್ಣನ ಮೇಲಿನ ಅಪನಂಬಿಕೆಯಲ್ಲ. ನಾಳೆ ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕರೂ ಅಂಗಡಿ ನಡೆಯಬೇಕಲ್ಲ.

ಒಂದು ಸ್ಟಾರ್ ಕೊಟ್ಟವರಿಗೆ ಪ್ಲೇ ಸ್ಟೋರ್‌ನಲ್ಲೇ ಉತ್ತರ ಬರೆಯಬಹುದು, ಮಿತಿ 350 ಅಕ್ಷರ. ಲಿಲ್ಲಿ ಇರಲಿಲ್ಲ, ಕೇಳದೆ ಬದಲಿಸಿದ್ದು ತಪ್ಪಾಯಿತು, ಈಗ ಕೇಳುವ ಪ್ರಶ್ನೆ ಸೇರಿಸಿದ್ದೇವೆ ಎಂದಷ್ಟೇ ಬರೆಯಿರಿ. ಆದರೆ ಆ ಪ್ರಶ್ನೆ ನಿಜಕ್ಕೂ ಸೇರಿದ ಮೇಲೆ, ಮತ್ತು ಕಳಿಸುವ ಮುಂಚೆ ಅಪ್ಪನಿಗೆ ಓದಿ ಹೇಳಿ.